ಸ್ಪ್ಯಾನರ್ ಅಕ್ಕ ‘ಬೇಕು’ ಅಂದ ಭಾನುವಾರ

ಸ್ಪ್ಯಾನರ್ ಅಕ್ಕ ಬಟ್ಟೆ ಗಿರಣಿಯಲ್ಲಿ ಮೂವತ್ತೊಂದು ವರ್ಷ ಮಗ್ಗ ರಿಪೇರಿ ಮಾಡಿದವಳು. ಕೆಟ್ಟು ನಿಂತ ಮಗ್ಗಕ್ಕೆ ಕಿವಿಗೊಟ್ಟು ಒಂದು ಸಲ ‘ಹೂಂ’ ಅಂದರೆ ಅರ್ಧದಷ್ಟು ಮಗ್ಗಗಳು ಹೆದರಿ ತಾವೇ ಓಡತೊಡಗುತ್ತಿದ್ದವು. ಉಳಿದವಕ್ಕೆ ಸ್ಪ್ಯಾನರ್ ತೋರಿಸಬೇಕಿತ್ತು. ಗಿರಣಿ ಮುಚ್ಚಿದ ಮೇಲೆ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ, ಫ್ಯಾನು, ಕುಕ್ಕರು ಬಿಚ್ಚಿಕೊಂಡು ಕೂತಳು. ಅಲ್ಲಿಗೆ ಹೋದವರು ಕೂರುವ ಮೊದಲು ಕುರ್ಚಿ ತಡವಬೇಕು. ಮರೆತರೆ ಎರಡು ನಟ್ಟು, ಒಂದು ಸ್ಪ್ರಿಂಗು ನಮ್ಮ ಜೊತೆಗೇ ಮನೆ ಸೇರುತ್ತವೆ.

ಇಂಥ ಗಟ್ಟಿ ಹೆಂಗಸಿನ ಬಾಯಲ್ಲಿ ಅರವತ್ತು ವರ್ಷದ ಪರಿಚಯದಲ್ಲಿ ನಾನು ಕೇಳದ ಮಾತು ಒಂದೇ: ‘ನನಗೆ ಬೇಕು.’ ತಮ್ಮಂದಿರನ್ನು ಓದಿಸಿದಳು, ತಂಗಿಯ ಬಾಣಂತನ ಮಾಡಿದಳು. ‘ನಿನಗೇನು ಬೇಕಕ್ಕಾ?’ ಅಂದರೆ ‘ನನಗೇನಪ್ಪ, ಇದೆಯಲ್ಲ ಎಲ್ಲಾ’ ಅನ್ನುವಳು. ಮಳೆಯಲ್ಲಿ ಇವಳ ಕೊಡೆಯೊಳಗೆ ನಡೆದವರು ಒಬ್ಬರೂ ನೆನೆದಿಲ್ಲ. ಇವಳು ಒಮ್ಮೆಯೂ ನೆನೆಯದೆ ಮನೆ ಸೇರಿಲ್ಲ.

ನಮ್ಮ ಚರ್ಚು ಗಿರಣಿಯ ಬೆನ್ನಿಗೇ ಇದೆ. ಕೆಲಸಗಾರರು ಪಾಳಿ ಮುಗಿಸಿ ಬಂದು, ಸಾಲಾಗಿ ನಿಂತು, ಕೈಯಿಂದ ಕೈಗೆ ಇಟ್ಟಿಗೆ ದಾಟಿಸಿ ಕಟ್ಟಿದ್ದು. ಅಕ್ಕನ ಅಪ್ಪ ಆ ಸಾಲಿನಲ್ಲಿದ್ದ, ಪಕ್ಕದಲ್ಲಿ ಒಂಬತ್ತು ವರ್ಷದ ಅಕ್ಕನೂ ಇದ್ದಳು. ಕಟ್ಟಿ ಮುಗಿದಾಗ ಬಾಗಿಲ ಮೇಲೆ ಬಂದದ್ದು ಮಾತ್ರ ಗಿರಣಿ ಮಾಲೀಕರ ಹೆಸರು. ಅವರು ಕೊಟ್ಟಿದ್ದು ಆ ಬಾಗಿಲೊಂದನ್ನೇ. ಅದೂ ಗೋದಾಮಿನಿಂದ ಕಿತ್ತದ್ದು.

ಈಗ ಗಿರಣಿಯೂ ಇಲ್ಲ, ಮಾಲೀಕರೂ ಇಲ್ಲ. ದಿಬ್ಬದ ಮೇಲಿನ ಚರ್ಚಿನ ಸೂರು ಕುಸಿದು ಅವರ ಸಭೆ ನಮ್ಮೊಂದಿಗೆ ಸೇರಿಕೊಂಡಿದೆ. ‘ಹೊಸ ಸಂಸಾರಕ್ಕೆ ಹೊಸ ಹೆಸರು ಬೇಕು’ ಅಂದರು ಪಾದ್ರಿಗಳು. ದಿಬ್ಬದವರು ‘ಕೃಪೆಯ ಬಾಗಿಲು’ ಅಂದರು. ನಮ್ಮ ಕಡೆಯಿಂದ ‘ದುಡಿದವರ ಚರ್ಚು’ ಅಂತ ಬರೆಸಿದವನು ನಾನು. ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ ಅದು. ಹಾರ್ಮೋನಿಯಂನ ತಿದಿ ಬಿಗಿಯುತ್ತಾ ಅಕ್ಕ ಒಮ್ಮೆ ಅಂದಿದ್ದಳು: ‘ಆ ಬಾಗಿಲ ಮೇಲೆ ನಮ್ಮಪ್ಪನಂಥವರ ಹೆಸರು ಇರಬೇಕಿತ್ತು ಕಣೋ.’ ಮರುಕ್ಷಣವೇ, ‘ಹೋಗ್ಲಿ ಬಿಡು.’

ಮತ ಎಣಿಸುವ ಕೆಲಸ ಅಕ್ಕನ ಪಾಲಿಗೆ ಬಂತು. ಎರಡೂ ಕಡೆಯವರು ನಂಬುತ್ತಿದ್ದದ್ದು ಅವಳೊಬ್ಬಳನ್ನೇ, ಅದಕ್ಕಿಂತ ಹೆಚ್ಚಾಗಿ ಹೆದರುತ್ತಿದ್ದದ್ದೂ ಅವಳೊಬ್ಬಳಿಗೇ. ನಮ್ಮವರು ಹಳೇ ಹಾಡಿನ ಹಾಳೆಗಳನ್ನು ಹರಿದು ಹಳದಿ ಚೀಟಿ ಮಾಡಿಕೊಂಡರು. ದಿಬ್ಬದವರು ಬಿಳಿ ಚೀಟಿ ತಂದಿದ್ದರು.

‘ಕೃಪೆಯ ಬಾಗಿಲು, ಎಪ್ಪತ್ತೆರಡು. ದುಡಿದವರ ಚರ್ಚು, ಐವತ್ತು,’ ಅಂದಳು ಅಕ್ಕ. ದನಿ ಅಲುಗಲಿಲ್ಲ. ಆದರೆ ಚೀಟಿ ಜೋಡಿಸುತ್ತಿದ್ದ ಬೆರಳು ನಿಂತುಬಿಟ್ಟಿತು.

ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ದಿಬ್ಬದವರ ಹಿರಿಯ, ಕ್ಷೌರದಂಗಡಿಯವನು, ಕೈ ಹಿಸುಕಿಕೊಂಡು ಎದ್ದ. ‘ಇನ್ನೊಂದ್ಸಲ ಎಣಿಸ್ತೀರಾ ಅಕ್ಕಾ? ಎಲ್ಲೋ ತಪ್ಪಾಗಿದೆ.’

ಗೆದ್ದವನೇ ಮರು ಎಣಿಕೆ ಕೇಳಿದ್ದು ಭೂಮಿ ಹುಟ್ಟಿದ ಮೇಲೆ ಅದೇ ಮೊದಲಿರಬೇಕು.

ಅಕ್ಕ ಚೀಟಿಗಳನ್ನು ಮೇಜಿನ ಮೇಲೆ ಹರವಿ, ಸ್ಕ್ರೂ ವಿಂಗಡಿಸುವವಳ ಹಾಗೆ ಬೇರೆ ಬೇರೆ ಮಾಡಿದಳು. ಹಳದಿಯವೆಲ್ಲ ದಿಬ್ಬದವರ ಹೆಸರಿಗೆ, ಬಿಳಿಯವೆಲ್ಲ ನಮ್ಮ ಹೆಸರಿಗೆ! ಬಂದವರಿಗೆ ಬೇಜಾರಾಗಬಾರದು ಅಂತ ನಾವು. ಜಾಗ ಕೊಟ್ಟವರಿಗೆ ಬೇಜಾರಾಗಬಾರದು ಅಂತ ಅವರು.

‘ಏನ್ ಜನಾನಪ್ಪಾ!’ ಅಂದಳು ಅಕ್ಕ. ‘ನೀವು ಹತ್ತಿ, ನೀವು ಹತ್ತಿ ಅಂತ ನಿಂತ್ರೆ ಬಸ್ಸು ಹೋಗೇಬಿಡತ್ತೆ. ನಿಜವಾಗ್ಲೂ ಬೇಕು ಅನ್ನೋರು ಎದ್ದು ನಿಂತು ಹೇಳಿ.’

ಗೋಡೆಯ ಹಲ್ಲಿ ಕೂಡ ಲೊಚಗುಟ್ಟಲು ಸಂಕೋಚಪಟ್ಟಿತು. ನನ್ನ ನಾಲಿಗೆ ಸುಮ್ಮನಿರುವ ಜಾತಿಯದಲ್ಲ.

‘ನಿನ್ನ ಚೀಟಿ ಎಲ್ಲಿದೆ ಅಕ್ಕಾ? ಆ ಹಳದಿ ಗುಡ್ಡೆಯಲ್ಲೇ ತಾನೆ?’

‘ನಿನ್ನ ಬಾಯಿಗೊಂದು ವಾಷರ್ ಹಾಕ್ಬೇಕು, ಸೋರ್ತಾನೇ ಇರತ್ತೆ,’ ಅಂದಳು. ಆಮೇಲೆ ಎಣ್ಣೆಯೇ ಇಲ್ಲದ ಕೈಯನ್ನು ಕರವಸ್ತ್ರಕ್ಕೆ ಎರಡು ಸಲ ಒರೆಸಿ ಎದ್ದು ನಿಂತಳು. ಹತ್ತು ಮಗ್ಗ ಒಟ್ಟಿಗೆ ಎತ್ತುವಷ್ಟು ತ್ರಾಸವಿತ್ತು ಆ ಮುಖದಲ್ಲಿ.

‘ನನಗೆ… ನನಗೆ ಬೇಕು. ದುಡಿದವರ ಚರ್ಚು ಅಂತಾನೇ ಬೇಕು. ನಮ್ಮಪ್ಪ ರಾತ್ರಿ ಪಾಳಿ ಮುಗಿಸಿ, ಹಲ್ಲೂ ಉಜ್ಜದೆ ಬಂದು ಇಟ್ಟಿಗೆ ಹೊತ್ತಿದ್ದ. ಇಷ್ಟೇ.’

ಕ್ಷೌರದವನು ನಕ್ಕುಬಿಟ್ಟ. ‘ಮೊದಲೇ ಅನ್ನೋದಲ್ವೇನಕ್ಕಾ! ನಾವೇನು ದಿಬ್ಬದ ಮೇಲೆ ಕಾಲು ಚಾಚ್ಕೊಂಡು ಕೂತಿದ್ವಾ? ನನ್ನ ಮೊಣಕಾಲು ಕೇಳಿ, ಹೇಳತ್ತೆ. ನಾವೂ ದುಡಿದವರೇ.’

ಮತ್ತೆ ಚೀಟಿ ಬರೆದೆವು. ದುಡಿದವರ ಚರ್ಚು, ನೂರಿಪ್ಪತ್ತೊಂದು. ಕೃಪೆಯ ಬಾಗಿಲು, ಒಂದು. ಆ ಒಂದು ಚೀಟಿ ಹಳದಿ.

ಎಲ್ಲರೂ ಹೊರಟ ಮೇಲೆ ಬೆಂಚು ಸರಿಸುತ್ತಿದ್ದ ಅಕ್ಕನ ಹತ್ತಿರ ಹೋದೆ. ‘ನಿಜ ಹೇಳು. ಆ ಒಂದು ಯಾರದು?’

‘ಅವರಿಗೆ ಒಂದೂ ಬರದಿದ್ರೆ ಹೇಗನ್ಸತ್ತೋ ಪಾಪ,’ ಅಂದಳು. ‘ಹಿಡಿ, ಬೆಂಚಿನ ಆ ಕಡೆ ಎತ್ತು.’