ಬಿರುಕು ನನ್ನದು, ಗೀರು ಅವರದು

ಶಿಕಾರಿಪುರದ ನಮ್ಮ ಹಲ್ಲಿನ ಡಾಕ್ಟರ ಕಣ್ಣುಗಳ ಸುತ್ತ ಸದಾ ಬಳೆ ಒತ್ತಿದಂಥ ಎರಡು ಕೆಂಪು ಗುರುತು. ಯಾವುದೋ ಕಣ್ಣಾಸ್ಪತ್ರೆ ಬೇಡವೆಂದ ಹಳೆಯ ಮೈಕ್ರೋಸ್ಕೋಪು ತಂದು, ಅದರ ಬದಿಗೊಂದು ಕ್ಯಾಮೆರಾ ಜೋಡಿಸಿ, ದಿನವಿಡೀ ಅದಕ್ಕೆ ಕಣ್ಣೊತ್ತಿ ರೋಗಿಗಳ ಹಲ್ಲು ನೋಡುತ್ತ ಕೂರುತ್ತಿದ್ದರು. ಕೆಲಸಕ್ಕೆ ಮುಂಚೆ ಒಂದು ಫೋಟೋ, ನಡುವೆ ಒಂದು, ಮುಗಿದ ಮೇಲೊಂದು. ಎಲ್ಲವೂ ಹೆಸರು ಬರೆದ ಲಕೋಟೆಗೆ.

ನಾನು ಶಿರಾಳಕೊಪ್ಪ ಸಂತೆಯ ಎತ್ತಿನ ದಲ್ಲಾಳಿ. ಎತ್ತಿನ ಬಾಯಿ ಬಿಡಿಸಿ, ಹಲ್ಲು ನೋಡಿ ವಯಸ್ಸು ಹೇಳಿಯೇ ಮನೆ ಕಟ್ಟಿದವನು. ದವಡೆ ನೋವೆಂದು ಹೋದರೆ ಡಾಕ್ಟರು ಹಲ್ಲಿಗೆ ತುಂಬಿದ್ದ ಹಳೇ ಸಿಮೆಂಟು ಕೊರೆದು ತೆಗೆದು, "ಹಲ್ಲು ಬಿರುಕು ಬಿಟ್ಟಿದೆ ಕಣ್ರೀ. ಬೇಗ ಕ್ಯಾಪ್ ಹಾಕ್ದಿದ್ರೆ ಎರಡು ಹೋಳಾಗುತ್ತೆ" ಎಂದರು.

"ಹಲ್ಲಿನ ವಿಷ್ಯ ನಂಗೇ ಹೇಳ್ತೀರಾ? ಮೊದ್ಲು ತೋರ್ಸ್ರಿ, ಆಮೇಲೆ ಹಾಕ್ರಿ."

"ಫೋಟೋ ತೆಗ್ದಿದೀನಿ. ರೋಲು ಮುಗೀಲಿ, ಶಿವಮೊಗ್ಗಕ್ಕೆ ಕಳ್ಸಿ ತೊಳೆಸ್ತೀನಿ."

ರೋಲಿನಲ್ಲಿ ಇನ್ನೂ ಹನ್ನೊಂದು ಫೋಟೋ ಬಾಕಿ. ಸುಮ್ಮನೆ ಗುಂಡಿ ಒತ್ತುವ ಜನವಲ್ಲ ಅವರು; ನಿಜವಾದ ಹುಳುಕು ಹಲ್ಲೇ ಬೇಕು. ನೋವು ನನ್ನದಲ್ಲವೇ, ದಲ್ಲಾಳಿ ಕೆಲಸಕ್ಕಿಳಿದೆ. ಸೊರಬದಲ್ಲಿರುವ ಹೆಂಡತಿಯ ತವರಿನಿಂದ ಹಲ್ಲುನೋವಿನವರನ್ನೆಲ್ಲ ಬಸ್ಸು ಹತ್ತಿಸಿ ತಂದೆ. ಫೋಟೋ ಎಂದದ್ದೇ ತಡ, ಅತ್ತೆ ರೇಷ್ಮೆ ಸೀರೆಯುಟ್ಟು ಪೌಡರ್ ಬಳಿದುಕೊಂಡು ಬಂದರು.

ಫೋಟೋ ತೊಳೆದು ಬಂದ ದಿನ ಅತ್ತೆ ತಮ್ಮದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಅಳಿಯಂದ್ರೇ, ಇಷ್ಟೆಲ್ಲ ಮಾಡ್ಕಂಡು ಬಂದ್ರೆ ಮುಖಾನೇ ಇಲ್ವಲ್ಲ!"

ನನ್ನದರಲ್ಲಿ ಕೂದಲೆಳೆಯಂಥ ಗೆರೆ. "ಇದು ನಂದೇ ಹಲ್ಲು ಅಂತ ಏನ್ ಗ್ಯಾರಂಟಿ?" ಎಂದೆ. ಸಂತೆಯಲ್ಲಿ ನಾನಾಗಿದ್ದರೆ ಬೇರೆ ಎತ್ತಿನ ಹಲ್ಲನ್ನೇ ತೋರಿಸುತ್ತಿದ್ದೆ.

ಡಾಕ್ಟರು ಪೆನ್ನಿನ ತುದಿಯನ್ನು ಫೋಟೋದಲ್ಲಿದ್ದ ಪಕ್ಕದ ಹಲ್ಲಿಗೆ ಸರಿಸಿದರು. "ಈ ಗೀರು ನೋಡ್ರಿ. ಸಿಮೆಂಟು ತೆಗೆಯೋವಾಗ ನನ್ನ ಡ್ರಿಲ್ ತಾಗಿದ್ದು. ತಪ್ಪು ನಂದೇ, ನಯ ಮಾಡ್ಕೊಡ್ತೀನಿ."

"ನಂಗೆ ಗೊತ್ತೇ ಆಗ್ತಿರ್ಲಿಲ್ಲ. ಯಾಕ್ರೀ ಹೇಳಿದ್ರಿ?"

"ನಿಮ್ ಬಿರುಕು ತೋರ್ಸಿ ನನ್ ಗೀರು ಮುಚ್ಚಿಡ್ಲಾ?"

ನಾನು ಕುರ್ಚಿಗೊರಗಿ ಬಾಯಿ ತೆರೆದೆ. ಕ್ಯಾಪ್ ಹಾಕಿದ ಆ ಹಲ್ಲಿನಲ್ಲೇ ಇವತ್ತಿಗೂ ಚಕ್ಕುಲಿ ಕಡಿಯುತ್ತೇನೆ.

ಆಮೇಲೆ ಸಂತೆಯಲ್ಲಿ ನಾನೂ ಎತ್ತಿನ ಕುಂದನ್ನೇ ಮೊದಲು ಹೇಳತೊಡಗಿದೆ. ವ್ಯಾಪಾರಸ್ಥರು ಮಾಡಿ ನೋಡಿ. ಕುಂದು ಕೇಳಿದ ಗಿರಾಕಿ ಮುಂದೆ ಹೇಳುವ ಗುಣವನ್ನೆಲ್ಲ ಕಣ್ಣುಮುಚ್ಚಿ ನಂಬುತ್ತಾನೆ.

ಡಾಕ್ಟರು ತೀರಿಕೊಂಡಾಗ ಹಾರ ಹಾಕಲು ಅವರದೊಂದು ಫೋಟೋ ಸಿಗಲಿಲ್ಲ. ಬೀರು ತೆಗೆದರೆ ಲಕೋಟೆಗಳ ತುಂಬ ಊರವರ ಹಲ್ಲು. "ಇವರದ್ದೂ ಮುಖಾನೇ ಇಲ್ವಲ್ಲ" ಎಂದು ಅತ್ತೆ ಕಣ್ಣೊರೆಸಿಕೊಂಡರು. ನಾನು ನನ್ನ ಲಕೋಟೆಯನ್ನು ಕೇಳಿ ತಂದುಕೊಂಡೆ. ಅದರೊಳಗಿನ ಫೋಟೋದಲ್ಲಿ ಗೀರಿನ ಪಕ್ಕ ಅವರ ಸಣ್ಣ ಅಕ್ಷರದಲ್ಲಿ ಎರಡೇ ಪದ: "ನನ್ನ ಕೈ."