ಹೆಜ್ಜೇನು ಎದ್ದ ಭಾನುವಾರ

ಆಗೆಲ್ಲ ಮೈಸೂರು ಬೇಗ ಮುಗಿದುಹೋಗುತ್ತಿತ್ತು. ಕೃಷ್ಣಮೂರ್ತಿಪುರದ ನಮ್ಮ ವಠಾರದ ಬಾಗಿಲಲ್ಲಿ ಜಟಕಾ ಹತ್ತಿ ಕೂತರೆ, ಕೈಲಿದ್ದ ಕಡಲೆಪುರಿ ಪೊಟ್ಟಣ ಖಾಲಿಯಾಗುವ ಹೊತ್ತಿಗೆ ಮನೆಗಳೆಲ್ಲ ಹಿಂದಾಗಿ ಹುರುಳಿ ಹೊಲ, ಲಂಟಾನ ಪೊದೆ, ಕೆಮ್ಮಣ್ಣಿನ ದಾರಿ ಶುರುವಾಗುತ್ತಿತ್ತು. ಈಗ ಸಿದ್ಧಾರ್ಥನಗರ ಅನ್ನುತ್ತೇವಲ್ಲ, ಆ ಕಡೆಯೆಲ್ಲ ಬರೀ ಬಯಲು. ಅಲ್ಲಲ್ಲಿ ಒಂದೊಂದು ತೋಪು, ತೋಪಿನ ಆಚೆ ಒಂದು ಕಟ್ಟೆ, ಕಟ್ಟೆಯ ನೀರಿನಲ್ಲಿ ಚಾಮುಂಡಿ ಬೆಟ್ಟ ತಲೆಕೆಳಗಾಗಿ ಕಾಣುತ್ತಿತ್ತು. ರಜೆಯ ದಿನ ಹೊರಗೆ ಹೋಗುವುದಕ್ಕೆ ನಮ್ಮಂಥವರಿಗೆ ಹೆಚ್ಚಿನದೇನೂ ಬೇಕಿರಲಿಲ್ಲ. ಬುತ್ತಿ ಕಟ್ಟಿಕೊಂಡು, ಜಮಖಾನ ಸುತ್ತಿಕೊಂಡು ಹೊರಟು, ಒಳ್ಳೆಯ ನೆರಳಿರುವ ಒಂದು ಮರ ಹುಡುಕಿಕೊಂಡರೆ ಆಯಿತು. ನನ್ನ ವಯಸ್ಸಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೋಗುವುದು ನನಗೆ ಎಷ್ಟು ಇಷ್ಟವೋ ಅಷ್ಟೇ ಭಯ. ನಾನು ಮೊದಲಿನಿಂದಲೂ ಪುಕ್ಕಲಿ. ಬೆಟ್ಟದಿಂದ ಚಿರತೆ ಇಳಿದು ಬರುತ್ತೆ, ಕಟ್ಟೆಯಲ್ಲಿ ಕಾಲು ಹಿಡಿದು ಎಳೆಯೋದು ಏನೋ ಇದೆ, ಹುಣಿಸೆಮರದ ಕೆಳಗೆ ಮಧ್ಯಾಹ್ನ ನಿಲ್ಲಬಾರದು ಅಂತ ನಮ್ಮಜ್ಜಿ ಹೇಳಿದ್ದೆಲ್ಲವನ್ನೂ ನಾನು ನಂಬುತ್ತಿದ್ದೆ. ತಮ್ಮ ಶಿವುಗೆ ಐದು ವರ್ಷ, ಅವನಿಗೆ ಯಾವುದರ ಹೆದರಿಕೆಯೂ ಇರಲಿಲ್ಲ. ನನಗೆ ಹತ್ತು ತುಂಬಿತ್ತು, ಎಲ್ಲದರ ಹೆದರಿಕೆಯೂ ಇತ್ತು. ಅವ್ವ ಮಾತ್ರ ನಗುತ್ತ, “ಅಪ್ಪ ಇದಾರಲ್ಲೆ ಸುಸಿ, ನಿಂಗ್ಯಾತರ ಭಯ” ಅನ್ನುತ್ತಿದ್ದಳು. ಆ ಮಾತು ಸಾಕಾಗುತ್ತಿತ್ತು. ಅಪ್ಪ ಅಶೋಕಪುರಂ ಕಡೆಯ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದರು. ಎತ್ತರದ ಆಳು. ಅಂಗೈ ಒಣಗಿದ ತೊಗಲಿನ ಹಾಗೆ ಗಟ್ಟಿ. ಒಂದು ಸಲ ವಠಾರದ ಬಚ್ಚಲಿಗೆ ನಾಗರಹಾವು ಬಂದಾಗ ಉಳಿದ ಗಂಡಸರೆಲ್ಲ ಜಗಲಿ ಹತ್ತಿ ನಿಂತಿದ್ದರು, ಅಪ್ಪ ಒಬ್ಬರೇ ಕೋಲು ಹಿಡಿದು ಒಳಗೆ ಹೋಗಿ ಅದನ್ನು ಹೊರಗೆ ಅಟ್ಟಿದ್ದರು. ಅಪ್ಪ ಜೊತೆಗಿದ್ದರೆ ಲೋಕದಲ್ಲಿ ಯಾವುದೂ ನಮ್ಮನ್ನು ಮುಟ್ಟುವುದಿಲ್ಲ ಅನ್ನುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

ಅದು ಕಾರ್ತಿಕ ಮಾಸದ ಒಂದು ಭಾನುವಾರ. ಹೊಸ ಕಡಲೆಕಾಯಿ ಬಂದಿತ್ತು. ಅವ್ವ ಬೆಳಗಿನ ಜಾವಕ್ಕೇ ಎದ್ದು ನಿಂಬೆಹಣ್ಣಿನ ಚಿತ್ರಾನ್ನ, ಮೊಸರನ್ನ, ಹೆಸರುಬೇಳೆ ಕೋಸಂಬರಿ ಮಾಡಿ, ಮುತ್ತುಗದ ಎಲೆಯ ಕಟ್ಟನ್ನೂ ಬುಟ್ಟಿಯಲ್ಲಿ ಇಟ್ಟಿದ್ದಳು. ಸುಟ್ಟು ತಿನ್ನೋಣ ಅಂತ ಅಪ್ಪ ಹಸಿ ಕಡಲೆಕಾಯಿಯ ಒಂದು ಚೀಲ ತಂದಿದ್ದರು. ಅಪ್ಪ, ಅವ್ವ, ಅಜ್ಜಿ, ಶಿವು, ನಾನು, ಐದು ಜನ. ಜಟಕಾದ ಸಾಬರು ನಮ್ಮನ್ನು ತೋಪಿನ ಅಂಚಿಗೆ ಇಳಿಸಿ, “ಸಂಜೆ ಇಲ್ಲೇ ಬರ್ತೀನಿ ಸ್ವಾಮಿ, ಹೊತ್ತು ಮುಳುಗೋಕ್ ಮುಂಚೆ ರಸ್ತೇಗೆ ಬಂದ್ಬುಡಿ” ಅಂದು ಗಾಡಿ ತಿರುಗಿಸಿಕೊಂಡು ಹೋದರು. ಕುದುರೆಯ ಗೆಜ್ಜೆ ಸದ್ದು ದೂರಾದ ಮೇಲೆ ಅಲ್ಲಿ ಬೇರೆ ಯಾವ ಸದ್ದೂ ಇರಲಿಲ್ಲ.

ತೋಪಿನ ಮಧ್ಯೆ ಒಂದು ದೊಡ್ಡ ಗೋಣಿಮರ. ಅದರ ಕೆಳಗೆ ಜಮಖಾನ ಹಾಸಿದೆವು. ಊಟಕ್ಕಿನ್ನೂ ಹೊತ್ತಿದೆ ಅಂತ ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ನಮ್ಮ ಜೊತೆ ಕುಂಟಾಬಿಲ್ಲೆ ಆಡಿದಳು. ಮನೆಯಲ್ಲಿ ತಲೆ ಎತ್ತದೆ ಕೆಲಸ ಮಾಡುವ ಅವ್ವ ಬಯಲಿಗೆ ಬಂದರೆ ಹುಡುಗಿಯಾಗಿಬಿಡುತ್ತಿದ್ದಳು, ಸುಳ್ಳು ಆಟ ಆಡುತ್ತಿದ್ದಳು, ಸಿಕ್ಕಿಬಿದ್ದರೆ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಆಮೇಲೆ ಶಿವು ಕಣ್ಣಾಮುಚ್ಚಾಲೆ ಅಂದ. ನಾನು ಅಜ್ಜಿಯ ತೊಡೆಯಲ್ಲಿ ಮುಖ ಇಟ್ಟು ಕಣ್ಣು ಮುಚ್ಚಿದೆ. ಅವನು ಅಡಗಲು ಓಡಿದ.

ಅಷ್ಟರಲ್ಲಿ ಅಪ್ಪ ಮರದ ಬುಡದಲ್ಲೇ ತರಗೆಲೆ ಗುಡ್ಡೆ ಹಾಕುತ್ತಿದ್ದರು. ಹಿಂದಿನ ದಿನ ಹನಿ ಬಿದ್ದು ಎಲೆಗಳು ಹಸಿಯಾಗಿದ್ದವು.

“ಮರದ್ ಬುಡುಕ್ ಬೆಂಕಿ ಇಕ್ಬ್ಯಾಡ ಕಣಪ್ಪ ಮಾದೇವ. ಅತ್ಲಾಗಿ ಬಯಲ್ಗೋಗು” ಅಂದರು ಅಜ್ಜಿ.

“ಬಯಲಲ್ಲಿ ಗಾಳಿ ಕಣವ್ವ, ಕಡ್ಡಿ ಹತ್ತಲ್ಲ. ಇಲ್ಲಾದ್ರೆ ಮರೆ ಐತೆ” ಅಂದರು ಅಪ್ಪ.

ಬೆಂಕಿ ಹತ್ತಿತು, ಅದಕ್ಕಿಂತ ಹೆಚ್ಚಾಗಿ ಹೊಗೆ ಎದ್ದಿತು. ಕಡಲೆಕಾಯಿ ಸಿಪ್ಪೆ ಸುಡುವ ವಾಸನೆ ಅಜ್ಜಿಯ ಸೀರೆಯ ವಾಸನೆಯ ಜೊತೆ ಸೇರಿ ನನ್ನ ಮೂಗಿಗೆ ಬಂತು. ಆ ಬೂದು ಹೊಗೆ ಎಲ್ಲಿಗೆ ಹೋಗುತ್ತಿದೆ ಅಂತ ನಮ್ಮಲ್ಲಿ ಯಾರೂ ತಲೆಯೆತ್ತಿ ನೋಡಲಿಲ್ಲ.

ಮೊದಲು ಕೇಳಿಸಿದ್ದು ಮಳೆಯ ಸದ್ದಿನಂಥ ಸದ್ದು. ದೂರದಿಂದ ಮಳೆ ಬರುತ್ತದಲ್ಲ, ಹಾಗೆ. ನಾನು ಕಣ್ಣು ಬಿಟ್ಟು ಮೇಲೆ ನೋಡಿದೆ. ಕೊಂಬೆಗೆ ಅಂಟಿಕೊಂಡಿದ್ದ ಕಪ್ಪನೆಯ ಮೊರದಂಥದ್ದೊಂದು ಕರಗಿ ಗಾಳಿಗೆ ಹರಡುತ್ತಿತ್ತು. ಅದು ಏನೆಂದು ನನಗೆ ತಿಳಿಯುವ ಮೊದಲೇ ಅಪ್ಪ ಕತ್ತನ್ನು ಪಟ್ಟನೆ ಹೊಡೆದುಕೊಂಡರು. ಇನ್ನೊಂದು ಸಲ ಹೊಡೆದುಕೊಂಡರು. ಆಮೇಲೆ ಎರಡೂ ಕೈಯನ್ನು ಮುಖದ ಸುತ್ತ ಬೀಸತೊಡಗಿದರು.

“ಹೆಜ್ಜೇನು. ಓಡಿ, ಓಡಿ” ಅಂದರು.

ಅಂದವರೇ ಓಡಿದರು. ನನ್ನ ಪಕ್ಕದಲ್ಲೇ ಹಾದು ಓಡಿದರು. ಆ ಕ್ಷಣ ಅವರ ಮುಖ ಕಂಡಿತು. ಕಣ್ಣು ಬಿಳಿಚಿಕೊಂಡಿದ್ದವು, ಬಾಯಿ ತೆರೆದಿತ್ತು, ನನ್ನನ್ನು ನೋಡಿದರೂ ನಾನು ಅವರಿಗೆ ಕಾಣಿಸಲಿಲ್ಲ. ಅಪ್ಪನ ಮುಖ ಹಾಗಾಗಬಹುದು ಅಂತ ನಾನು ಅಂದುಕೊಂಡೇ ಇರಲಿಲ್ಲ. ಮೈಮೇಲೆ ಬರುತ್ತಿದ್ದ ಜೇನಿಗಿಂತ ನನಗೆ ಹೆಚ್ಚು ಹೆದರಿಕೆಯಾದದ್ದು ಆ ಮುಖಕ್ಕೆ. ಅವರು ಮರಗಳ ನಡುವೆ ಕಟ್ಟೆಯ ಕಡೆ ಓಡಿ ಮರೆಯಾದರು. ನೀರಿಗೆ ಬಿದ್ದ ಸದ್ದು ಕೇಳಿಸಿತು.

ಅಜ್ಜಿ ನನ್ನ ಜಡೆ ಹಿಡಿದು ಕೆಳಗೆ ಕೆಡವಿದರು. ಬುತ್ತಿ ಬುಟ್ಟಿ ಉರುಳಿತು. ಜಮಖಾನದ ಅಂಚು ಎಳೆದು ಇಬ್ಬರ ಮೇಲೂ ಹೊದಿಸಿ, ನನ್ನ ಮೇಲೆ ಕವುಚಿ ಮಲಗಿದರು. ಒಳಗೆ ಕತ್ತಲೆ, ದೂಳು, ಚೆಲ್ಲಿದ ಮೊಸರನ್ನದ ಹುಳಿ ವಾಸನೆ. ಜಮಖಾನದ ಮೇಲೆ ಸೋನೆ ಹನಿಯ ಹಾಗೆ ಟಪಟಪ ಬಡಿಯುವ ಸದ್ದು. ನನ್ನ ಹಿಮ್ಮಡಿ ಹೊರಗಿತ್ತು. ಅದಕ್ಕೆ ಕಾದ ಸೂಜಿ ಇಳಿದಂತಾಯಿತು. ಕಾಲು ಒಳಗೆಳೆದುಕೊಂಡೆ.

“ಅಲ್ಲಾಡ್ಬ್ಯಾಡ. ಉಸ್ರು ಬುಡ್ಬ್ಯಾಡ” ಅಂತ ಅಜ್ಜಿ ಕಿವಿಯಲ್ಲಿ ಹೇಳುತ್ತಿದ್ದರು. ಅವರ ಎದೆ ಬಡಿದುಕೊಳ್ಳುವುದು ನನ್ನ ಬೆನ್ನಿಗೆ ಗೊತ್ತಾಗುತ್ತಿತ್ತು.

“ಶಿವು ಎಲ್ಲಜ್ಜಿ?”

ಹೊರಗೆ ಅವ್ವನ ದನಿ ಕೇಳಿಸಿತು. “ಶಿವೂ, ಮಗಾ, ಎಲ್ಲಿದೀಯೋ? ಆಟ ಸಾಕು ಕಣೋ, ದನಿ ಕೊಡು.” ಅವ್ವ ಕೂಗಾಡುತ್ತಿರಲಿಲ್ಲ. ದಿನಾ ಸಂಜೆ ಊಟಕ್ಕೆ ಕರೆಯುವ ಹಾಗೆಯೇ ಕರೆಯುತ್ತಿದ್ದಳು. ಕರೆಯುತ್ತ ಕರೆಯುತ್ತ ಮರದ ಆ ಬದಿಗೆ ಹೋಗುತ್ತಿದ್ದಳು. ಹೊಗೆ ಇದ್ದದ್ದು ಅಲ್ಲೇ, ಜೇನು ದಟ್ಟವಾಗಿದ್ದದ್ದೂ ಅಲ್ಲೇ. ಜಮಖಾನದ ಸಣ್ಣ ಕಿಂಡಿಯಲ್ಲಿ ನಾನು ನೋಡಿದೆ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಅವ್ವ ನಡೆದು ಹೋಗುತ್ತಿದ್ದಳು. ಅವಳ ಬೆನ್ನ ಮೇಲೆ ಹಸಿರು ಸೀರೆ ಕಾಣುತ್ತಿರಲಿಲ್ಲ, ಬರೀ ಕಂದು ಬಣ್ಣ, ಅದೂ ಅಲುಗುತ್ತಿತ್ತು.

ಆಗ ಶಿವು ಕಿರುಚಿದ. ಹುತ್ತದ ಹಿಂದೆ ಅಡಗಿ ಕೂತಿದ್ದನಂತೆ. ಅವ್ವ ಕರೆದಾಗ, ದನಿ ಕೊಟ್ಟರೆ ಸಿಕ್ಕಿಬೀಳುತ್ತೇನೆ ಅಂತ ಸುಮ್ಮನಿದ್ದನಂತೆ. ಒಂದೇ ಸಲ ಕಿರುಚಿದ, ಆಮೇಲೆ ಅವನ ದನಿ ಉಡುಗಿತು. ಅವ್ವನ ದನಿಯೂ ನಿಂತಿತು.

ಆ ನಿಶ್ಶಬ್ದದಲ್ಲಿ ನಾನು ಅವರಿಬ್ಬರೂ ಸತ್ತುಹೋದರು ಅಂದುಕೊಂಡೆ. ಅಜ್ಜಿ ಶಿವಶಿವಾ ಅನ್ನುತ್ತ ಕೊರಳಿನ ಲಿಂಗದ ಕರಡಿಗೆಯನ್ನು ನನ್ನ ಕೆನ್ನೆಗೆ ಒತ್ತಿ ಹಿಡಿದರು. ಬೆಳ್ಳಿಯ ತಣ್ಣನೆಯ ಆ ಸ್ಪರ್ಶ ಈಗಲೂ ನನ್ನ ಕೆನ್ನೆಯಲ್ಲಿದೆ.

ಎಷ್ಟು ಹೊತ್ತಾಯಿತೋ ತಿಳಿಯದು. ನೀರು ತೊಟ್ಟಿಕ್ಕುವ ಸದ್ದಿನ ಜೊತೆ ಹೆಜ್ಜೆ ಸಪ್ಪಳ ಬಂತು. ಅಪ್ಪ ಬಂದರು. ಪಂಚೆ ಬಿಚ್ಚಿ ನೀರಿನಲ್ಲಿ ಅದ್ದಿ ತಲೆಯ ಮೇಲೆ ಹೊದ್ದುಕೊಂಡು, ಚಡ್ಡಿಯಲ್ಲೇ ಬಂದಿದ್ದರು. ಜೇನು ಇನ್ನೂ ಪೂರ್ತಿ ಹೋಗಿರಲಿಲ್ಲ. ನೇರ ಹುತ್ತದ ಕಡೆ ಹೋದರು. ಅಲ್ಲಿ ಅವ್ವ ಶಿವುವನ್ನು ಅಡಿಯಲ್ಲಿ ಹಾಕಿಕೊಂಡು ಬೋರಲು ಮಲಗಿದ್ದಳು. ಅಪ್ಪ ಪಂಚೆಯನ್ನು ಅವರ ಮೇಲೆ ಹೊದಿಸಿ, ಇಬ್ಬರನ್ನೂ ಒಟ್ಟಿಗೆ ಎತ್ತಿಕೊಂಡು ರಸ್ತೆಯ ಕಡೆ ನಡೆದರು. ಅವರ ಬರಿಮೈಗೆ ಹುಳು ಕಚ್ಚುತ್ತಿದ್ದದ್ದು ನನಗೆ ಕಾಣುತ್ತಿತ್ತು. ಈ ಸಲ ಅವರು ಕೈ ಬೀಸಲಿಲ್ಲ. ಅಜ್ಜಿ, ನಾನು ಜಮಖಾನ ಹೊದ್ದುಕೊಂಡೇ ಎಡವುತ್ತ ಹಿಂದೆ ಹೋದೆವು.

ಶಿವುಗೆ ತುಟಿಯ ಮೇಲೆ, ಕಿವಿಯ ಮೇಲೆ ಮಾತ್ರ ಕಚ್ಚಿತ್ತು. ಅವ್ವನ ಮುಖ ನೋಡುತ್ತ ನೋಡುತ್ತಲೇ ಊದಿಕೊಂಡು ಕಣ್ಣು ಮುಚ್ಚಿಹೋದವು. ವಾಂತಿಯಾಯಿತು. ಮೈ ನಡುಗುತ್ತಿತ್ತು. ಸುಡುಬಿಸಿಲಿನಲ್ಲಿ ಚಳಿ ಚಳಿ ಅಂದಳು. ಜಟಕಾ ಬರುವುದು ಸಂಜೆಗೆ. ರಸ್ತೆಯ ಎರಡೂ ಕಡೆ ಕಣ್ಣು ಹಾಯುವಷ್ಟು ದೂರ ಒಂದು ನರಪಿಳ್ಳೆಯೂ ಇಲ್ಲ. ಅಪ್ಪ ಅವ್ವನನ್ನು ಬೆನ್ನ ಮೇಲೆ ಹಾಕಿಕೊಂಡು ಊರಿನ ಕಡೆ ನಡೆಯತೊಡಗಿದರು. ಅವ್ವನ ಕೈ ಅವರ ಹೆಗಲಿನಿಂದ ಜಾರಿ ಜಾರಿ ಬೀಳುತ್ತಿತ್ತು. ಪ್ರತಿ ಸಲ ಜಾರಿದಾಗಲೂ ನಾನು ಓಡಿಹೋಗಿ ಆ ಕೈಯನ್ನು ಮುಟ್ಟಿ ಬಿಸಿ ಇದೆಯೋ ನೋಡುತ್ತಿದ್ದೆ. “ಪಾರ್ವತಿ, ಮಾತಾಡು, ಏನಾರ ಮಾತಾಡು” ಅನ್ನುತ್ತಿದ್ದರು ಅಪ್ಪ. ಅವ್ವ ಮಾತಾಡಲಿಲ್ಲ. ಕೊನೆಗೆ ಹಿಂದಿನಿಂದ ಹುಲ್ಲು ತುಂಬಿದ ಒಂದು ಎತ್ತಿನ ಗಾಡಿ ಬಂತು. ಗಾಡಿಯ ಮುದುಕ ಏನೂ ಕೇಳದೆ ಅರ್ಧ ಹುಲ್ಲು ರಸ್ತೆಗೆ ತಳ್ಳಿ ಜಾಗ ಮಾಡಿದ. ದೊಡ್ಡಾಸ್ಪತ್ರೆಯ ಬಾಗಿಲಲ್ಲಿ ಇಳಿಸುವವರೆಗೂ ಎತ್ತುಗಳನ್ನು ಓಡಿಸಿದ.

ಅವ್ವ ಉಳಿದಳು. ಒಂದು ರಾತ್ರಿಯಂತೂ ಉಳಿಯುತ್ತಾಳೋ ಇಲ್ಲವೋ ಅಂತ ಡಾಕ್ಟರು ಏನೂ ಹೇಳುವಂತಿರಲಿಲ್ಲವಂತೆ. ಅದನ್ನು ಅಜ್ಜಿ ನನಗೆ ಬಹಳ ವರ್ಷಗಳ ನಂತರ ಹೇಳಿದರು. ಮನೆಗೆ ಬಂದಾಗ ಅವಳ ಮುಖದ ಊತ ಇಳಿದಿತ್ತು. ಬೆನ್ನು ಮಾತ್ರ ಇನ್ನೂ ಗಂಟುಗಂಟಾಗಿತ್ತು. ನೋಡಲು ವಠಾರದ ಹೆಂಗಸರೆಲ್ಲ ಬಂದರು. ಅವರಲ್ಲಿ ಎದುರು ಮನೆಯ ಗೌರಮ್ಮನವರು, ಒಳ್ಳೆಯವರೇ, ಆದರೆ ಮಾತು ಹಿಡಿದಿಟ್ಟುಕೊಳ್ಳುವವರಲ್ಲ, ಎಲ್ಲವನ್ನೂ ಕೇಳಿದ ಮೇಲೆ ಮೆಲ್ಲಗೆ, “ಅಲ್ಲಾ ಪಾರ್ವತಮ್ಮ, ಆಗ ನಿಮ್ಮ ಯಜಮಾನ್ರು ಎಲ್ಲಿದ್ರು?” ಅಂದರು.

ಅಜ್ಜಿ ಕೈಲಿದ್ದ ಎಲೆ ಅಡಿಕೆ ಕೆಳಗಿಟ್ಟರು. ಅಪ್ಪ ಅಡುಗೆಮನೆಯ ಬಾಗಿಲಲ್ಲಿ ಗಂಜಿಯ ಲೋಟ ಹಿಡಿದು ನಿಂತಿದ್ದರು. ಅವರು ನನ್ನನ್ನು ನೋಡಿದರು. ನಾನು ಆ ದಿನ ಅವರ ಮುಖ ನೋಡಿದ್ದೆ ಅನ್ನುವುದು ಅವರಿಗೆ ಗೊತ್ತಿತ್ತು ಅಂತ ನನಗೆ ಆಗ ತಿಳಿಯಿತು.

ಅವ್ವ ಗೋಡೆಗೆ ಒರಗದೆ ನೆಟ್ಟಗೆ ಕೂತು ಹೇಳಿದಳು. “ಅವ್ರು ನೀರಿಗ್ ಹೋಗಿ ಪಂಚೆ ನೆನೆಸ್ಕೊಂಡ್ ಬರ್ದೆ ಇದ್ದಿದ್ರೆ ಇವತ್ತು ನಿಮ್ಮತ್ರ ಮಾತಾಡೋಕೆ ನಾನೆಲ್ಲಿರ್ತಿದ್ದೆ ಗೌರಮ್ಮನೋರೆ. ಆ ಹೊತ್ನಲ್ಲೂ ಅವ್ರಿಗದು ಹೊಳೀತು ನೋಡಿ.”

ಗೌರಮ್ಮನವರು ಹೌದೌದು ಅಂದರು. ಅಪ್ಪ ಲೋಟವನ್ನು ಅವ್ವನ ಮುಂದೆ ಇಟ್ಟು ಹಿತ್ತಲಿಗೆ ಹೋದರು. ನಾನು ಹಿಂದೆಯೇ ಹೋದೆ. ಬಾವಿಕಟ್ಟೆಯ ಹತ್ತಿರ ಹಗ್ಗ ಹಿಡಿದು ನಿಂತಿದ್ದರು, ನೀರು ಸೇದುತ್ತಿರಲಿಲ್ಲ. ನಾನು ಹತ್ತಿರ ಹೋಗಿ ನಿಂತೆ. ತಿರುಗಿ ನೋಡದೆ, “ನಿನ್ ಕಾಲು ವಾಸಿ ಆಯ್ತೇನವ್ವಾ?” ಅಂದರು. “ಆಯ್ತು” ಅಂದೆ.

ಅಪ್ಪ ಆಮೇಲೆ ಬಹಳ ವರ್ಷ ಬದುಕಿದ್ದರು. ನಮ್ಮನ್ನು ಓದಿಸಿದರು, ಮದುವೆ ಮಾಡಿದರು. ಬೈದವರಲ್ಲ, ಕುಡಿದವರಲ್ಲ. ಆದರೆ ಭಾನುವಾರ ಬಂದರೆ ಓವರ್‌ಟೈಮು ಅಂತ ಕೆಲಸಕ್ಕೆ ಹೊರಡುತ್ತಿದ್ದರು. ಕೆಲಸ ಇಲ್ಲದ ಭಾನುವಾರವೂ ಹೋಗಿ ಎಲ್ಲೋ ಕೂತು ಬರುತ್ತಿದ್ದರು. ಶಿವು ಹೊರಗೆ ಹೋಗೋಣ ಅಂತ ಹಟ ಮಾಡಿದರೆ ಅವ್ವನೇ, “ಬಿಸ್ಲು ಕಣೋ, ಇಲ್ಲೇ ಆಡ್ಕೋ” ಅನ್ನುತ್ತಿದ್ದಳು. ಅವ್ವ ಮತ್ತೆ ಕುಂಟಾಬಿಲ್ಲೆ ಆಡಿದ್ದನ್ನು ನಾನು ನೋಡಲಿಲ್ಲ. ನನಗೂ ಮೊದಲಿನ ಧೈರ್ಯ ಮರಳಿ ಬರಲಿಲ್ಲ. ಚಿರತೆಯೋ ಹಾವೋ ಬಂದರೆ ನೋಡಿಕೊಳ್ಳಲು ಒಬ್ಬರಿದ್ದಾರೆ ಅನ್ನುವ ನಂಬಿಕೆಯಲ್ಲಿ ಮಲಗುತ್ತಿದ್ದ ನಿದ್ದೆ ಇದೆಯಲ್ಲ, ಅದು ಹತ್ತನೇ ವಯಸ್ಸಿಗೇ ಮುಗಿಯಿತು. ಅಪ್ಪನ ಮೇಲೆ ನನಗೆ ಕೋಪ ಇರಲಿಲ್ಲ, ಈಗಲೂ ಇಲ್ಲ. ಓಡಿಹೋದವರು ತಿರುಗಿ ಬರುವುದು ಎಷ್ಟು ಕಷ್ಟ ಅನ್ನುವುದು ವಯಸ್ಸಾದ ಮೇಲೆ ನನಗೂ ಗೊತ್ತಾಗಿದೆ. ಅದನ್ನು ಅವರಿಗೆ ಒಂದು ಸಲ ಹೇಳಬೇಕಿತ್ತು. ನಮ್ಮ ಮನೆಯಲ್ಲಿ ಅಂಥ ಮಾತು ಆಡುವ ರೂಢಿ ಇರಲಿಲ್ಲ.

ಹೋದ ವರ್ಷ ಶಿವು ತನ್ನ ಮೊಮ್ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಆ ಕಡೆ ಹೋಗುವಾಗ ನನ್ನನ್ನೂ ಕರೆದ. ತೋಪಿಲ್ಲ, ಕಟ್ಟೆ ಇಲ್ಲ. ಅಡ್ಡರಸ್ತೆಗಳು, ಮನೆಗಳು, ಔಷಧಿ ಅಂಗಡಿ. ಗೋಣಿಮರ ಎಲ್ಲಿತ್ತು ಅಂತ ನಾವಿಬ್ಬರೂ ಬೇರೆ ಬೇರೆ ಜಾಗ ತೋರಿಸಿದೆವು. ಅವನು ಮಕ್ಕಳಿಗೆ ಕತೆ ಹೇಳಿದ. ಜೇನು ಎದ್ದಾಗ ನಮ್ಮಪ್ಪ ಆ ಹುಳುಗಳನ್ನೆಲ್ಲ ತನ್ನ ಹಿಂದೆ ಎಳೆದುಕೊಂಡು ನೀರಿನ ಕಡೆ ಓಡಿದರು, ಅದಕ್ಕೇ ನಾವೆಲ್ಲ ಉಳಿದೆವು ಅಂದ. ಅವನು ಆಗ ಹುತ್ತದ ಹಿಂದೆ ಇದ್ದ, ಏನನ್ನೂ ನೋಡಿರಲಿಲ್ಲ. ನಾನು ಹೌದು ಅಂದೆ.

ಬೇರೆ ಥರ ಹೇಳಬಲ್ಲವರು ಯಾರೂ ಈಗ ಉಳಿದಿಲ್ಲ. ಆ ಭಾನುವಾರದ ನಂತರ ಅಜ್ಜಿ ಇನ್ನೂ ಹತ್ತು ವರ್ಷ ಇದ್ದರು, ಅಪ್ಪ ಅವ್ವ ಅದಕ್ಕಿಂತ ಬಹಳ ಹೆಚ್ಚು ಇದ್ದರು. ಎಲ್ಲರೂ ಒಂದೇ ಮನೆಯಲ್ಲಿದ್ದೆವು, ಒಂದೇ ಒಲೆಯ ಅನ್ನ ಉಂಡೆವು. ಆದರೆ ನಾವು ಐದು ಜನ ಬುತ್ತಿ ಬಿಚ್ಚಿಕೊಂಡು ಒಂದು ಮರದ ಕೆಳಗೆ ಕೂತದ್ದು ಮತ್ತೆ ಇಲ್ಲ.