ಕೂದಲಗಲದ ಸಂದು

ಫ್ಯಾನಿನ ವೇಗ ಏರಿಳಿದಿರಬಹುದು. ಜನರೇಟರ್ ಕೈಕೊಟ್ಟಿರಬಹುದು. ಸೆನ್ಸರ್ ಬಿಸಿಯಾಗಿರಬಹುದು, ವೈರು ಎಳೆದುಕೊಂಡಿರಬಹುದು. ನಮ್ಮ ಎತ್ತರದ ಊರಿನ ತೆಳು ಗಾಳಿಗೆ ನಾನೇ ಸಮುದ್ರಮಟ್ಟದ ಸಾಂದ್ರತೆ ಹಾಕಿ ಲೆಕ್ಕ ಮಾಡಿರಬಹುದು. ತಟ್ಟೆ ವಾಲಿರಬಹುದು, ಉಬ್ಬಿರಬಹುದು, ತಗ್ಗಿರಬಹುದು. ಒಳಗೆ ಹಲ್ಲಿ ಹೊಕ್ಕಿರಬಹುದು. ಅದೂ ಒಮ್ಮೆ ಆಗಿತ್ತು. ಲ್ಯಾಬಿನ ಅಳತೆಯೊಂದು ಯಾಕೆ ತಪ್ಪಿತೆಂದು 2022ರ ಅಕ್ಟೋಬರಿನಲ್ಲಿ ಹಾಸಿಗೆಯಲ್ಲಿ ಮಲಗಿ ನಾನು ಮಾಡಿದ ಪಟ್ಟಿ ಇದು. ಚಿಂತೆ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಮನೆಯಲ್ಲೇ ಯಾರೂ ಇಲ್ಲ.

ಆಗ ನಾನು ಚಾಮರಾಜನಗರದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ವಿಂಡ್ ಟನಲ್ ಲ್ಯಾಬಿನ ಹೊಣೆ ಹೊತ್ತಿದ್ದೆ. ವಿಂಡ್ ಟನಲ್ ಎಂದರೆ ಉದ್ದನೆಯ ಪೆಟ್ಟಿಗೆಯೊಳಗೆ ಫ್ಯಾನಿನಿಂದ ಗಾಳಿ ಹರಿಸುವ ಸಾಧನ. ಹರಿಯುವ ಗಾಳಿ ತಾನು ಸವರಿಕೊಂಡು ಹೋಗುವ ಮೈಯನ್ನು ಸ್ವಲ್ಪ ಎಳೆಯುತ್ತದೆ. ಆ ಎಳೆತವೇ ಸ್ಕಿನ್ ಫ್ರಿಕ್ಷನ್. ಅದನ್ನು ಅಳೆಯಲು ಟನಲ್ಲಿನ ನೆಲದಲ್ಲಿ ಐದು ಸೆಂಟಿಮೀಟರ್ ಚೌಕದ ತಟ್ಟೆಯೊಂದನ್ನು ತೆಳು ಸ್ಪ್ರಿಂಗುಗಳ ಮೇಲೆ ಕೂರಿಸಿದ್ದೆವು. ಸುತ್ತಲೂ ಕೂದಲಗಲದ ಸಂದು. ಗಾಳಿ ಎಳೆದಾಗ ತಟ್ಟೆ ಒಂದಿಷ್ಟು ಸರಿಯಬೇಕು, ಸೆನ್ಸರ್ ಅದನ್ನು ಓದಬೇಕು. ಸೆಕೆಂಡಿಗೆ ಇಪ್ಪತ್ತು ಮೀಟರ್ ವೇಗದಲ್ಲಿ ಆ ಎಳೆತ ಎಷ್ಟು ಗೊತ್ತೇ? ಎಂಟು ಅಕ್ಕಿಕಾಳಿನ ತೂಕದಷ್ಟು.

ತಟ್ಟೆ ಜೋಡಿಸುತ್ತಿದ್ದವನು ಮಾದೇಶ, ಗುಂಡ್ಲುಪೇಟೆಯವನು, ನನಗಿಂತ ಮೂರು ವರ್ಷ ಚಿಕ್ಕವನು. ಒಂಬತ್ತು ವರ್ಷದಿಂದ ಗುತ್ತಿಗೆಯ ಟೆಕ್ನಿಷಿಯನ್. ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ. ಡಯಲ್ ಗೇಜ್ ಹೇಳುವ ಮೊದಲೇ ಅಂಚಿನ ಮೇಲೆ ಉಗುರೆಳೆದು ಏರುತಗ್ಗು ಹೇಳಿಬಿಡುವ ಕೈ ಅವನದು. ಆ ವರ್ಷ ಅವನನ್ನು ಖಾಯಂ ಮಾಡುವ ಫೈಲು ಪ್ರಿನ್ಸಿಪಾಲರ ಮೇಜಿನ ಮೇಲಿತ್ತು.

ಸೆಪ್ಟೆಂಬರಿನಲ್ಲಿ ಸಣ್ಣ ತೂಕಗಳನ್ನು ದಾರಕ್ಕೆ ಕಟ್ಟಿ ತಟ್ಟೆಯನ್ನು ಎಳೆದು, ಅಳತೆ ಸರಿಯಿದೆಯೆಂದು ಖಚಿತ ಮಾಡಿಕೊಂಡಿದ್ದೆವು. ಅಕ್ಟೋಬರಿನಲ್ಲಿ ಗಾಳಿ ಬಿಟ್ಟಾಗ ಅಂಕಿ ಬರಬೇಕಾದ್ದಕ್ಕಿಂತ ಶೇಕಡಾ ಇಪ್ಪತ್ತು ಕಡಿಮೆ ಬಂತು. ಪ್ರಾಜೆಕ್ಟಿಗೆ ಹಣ ಕೊಟ್ಟವರ ಕಮಿಟಿ ಬರುವುದಕ್ಕೆ ಉಳಿದಿದ್ದು ಎರಡೇ ದಿನ.

ಮಾದೇಶ ಉಗುರೆಳೆದು ನೋಡಿದ. "ಏನೂ ತಗ್ಲದಿಲ್ಲ ಸಾ. ಜೋಡ್ಣೆ ಸರ್ಯಾಗೇ ಅದೆ. ಇನ್ನೊಂದ್ಸಲ ತೂಕ ಇಕ್ಕಿ ನೋಡನ."

"ಹೋದ ತಿಂಗಳು ತಾನೇ ಇಟ್ಟಿದ್ದೀವಲ್ಲಪ್ಪ. ಅರ್ಧ ದಿನ ಹೋಗುತ್ತೆ."

"ತಿರ್ಗ ಇಕ್ಕುದ್ರೆ ತೂಕ ಏನ್ ಸವ್ದೋಯ್ತದಾ ಸಾ?"

ನಾನು ಬೇಡ ಎಂದೆ. ಆ ಅರ್ಧ ದಿನವನ್ನು ದೋಷಗಳ ಕೋಷ್ಟಕ ತಯಾರಿಸಲು ಬಳಸಿದೆ. ಹನ್ನೊಂದು ಸಾಲು, ಚೆಂದದ ಕೋಷ್ಟಕ.

ಕಮಿಟಿಯ ಹಿರಿಯರೊಬ್ಬರು ಅದರ ಮೇಲೆ ಬೆರಳಾಡಿಸಿ, "ತಟ್ಟೆ ಜೋಡಿಸಿದ್ದು ಯಾರು?" ಎಂದರು.

"ನಮ್ಮ ಟೆಕ್ನಿಷಿಯನ್, ಮಾದೇಶ," ಎಂದೆ. ನಿಜವನ್ನೇ ಹೇಳಿದ್ದು. ಅಷ್ಟು ಬೇಗ ನಾನು ಯಾವ ಪ್ರಶ್ನೆಗೂ ಉತ್ತರ ಕೊಟ್ಟವನಲ್ಲ.

ವರದಿಯಲ್ಲಿ "ತಟ್ಟೆ ತಗ್ಗಿರುವ ಸಾಧ್ಯತೆ, ಜೋಡಿಸಿದವರು ಮಾದೇಶ" ಎಂದು ಬರೆದೆ. ನನ್ನ "ಸಾಧ್ಯತೆ" ಆಫೀಸಿನ ಮೂರು ಮೇಜು ದಾಟುವಷ್ಟರಲ್ಲಿ "ನಿರ್ಲಕ್ಷ್ಯ" ಆಗಿತ್ತು. ಡಿಸೆಂಬರಿನಲ್ಲಿ ಅವನ ಗುತ್ತಿಗೆ ಮುಗಿಯಿತು, ಮುಂದುವರಿಸಲಿಲ್ಲ. ಖಾಯಂ ಮಾತು ಅಲ್ಲಿಗೇ ನಿಂತಿತು. ಲ್ಯಾಬಿನ ಬೀಗದ ಕೈ ನನ್ನ ಮೇಜಿನ ಮೇಲಿಟ್ಟು, "ಬತ್ತೀನಿ ಸಾ" ಎಂದು ಹೋದ.

ಜನವರಿಯಲ್ಲಿ ತಟ್ಟೆ ಬಿಚ್ಚಲು ನಾನೇ ಕೂತೆ. ಸಂದಿನಲ್ಲಿ ತೆಳು ಕಾಗದದ ಚೂರೊಂದನ್ನು ಸುತ್ತಲೂ ಎಳೆದೆ. ಒಂದು ಮೂಲೆಯಲ್ಲಿ ಅದು ನಿಂತುಬಿಟ್ಟಿತು. ಭೂತಗನ್ನಡಿ ಹಿಡಿದೆ. ಕೆಂಪನೆಯ ಹಕ್ಕಳೆ, ಎಳ್ಳಿನಷ್ಟು. ಗಂಧ, ಕುಂಕುಮ.

ಆಯುಧಪೂಜೆಯ ದಿನ ಮೋಟರಿಗೆ, ಪ್ಯಾನಲ್ಲಿಗೆ ಬೊಟ್ಟಿಟ್ಟಿದ್ದು ನಾನೇ. ಮಾದೇಶ ಅಂದು ರಜೆಯ ಮೇಲೆ ಊರಿನಲ್ಲಿದ್ದ. ಎಲ್ಲಕ್ಕಿಂತ ನಾಜೂಕಾದ ತಟ್ಟೆಗೇ ಇಡದಿದ್ದರೆ ಏನಾದರೂ ಕೇಡಾದೀತು ಎಂಬ ಚಿಂತೆಯಿಂದ ಅದರ ಅಂಚಿಗೂ ಒಂದು ಬೊಟ್ಟಿಟ್ಟೆ. ಮರುದಿನ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಮೇಲಿನದು ಹೋಯಿತು, ಕರಗಿದ್ದು ಸಂದಿಗಿಳಿದು ಒಣಗಿ, ತಟ್ಟೆ ಪೂರ್ತಿ ಸರಿಯದಂತೆ ಆ ಮೂಲೆಯನ್ನು ಹಿಡಿದಿತ್ತು. ತೂಕ ಇಟ್ಟಿದ್ದರೆ ಮೊದಲ ತೂಕಕ್ಕೇ, ಹತ್ತು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಕೆರೆದು, ಸ್ಪಿರಿಟ್‌ನಲ್ಲಿ ತೊಳೆದು ಗಾಳಿ ಬಿಟ್ಟೆ. ವ್ಯತ್ಯಾಸ ಶೇಕಡಾ ಎರಡರೊಳಗೆ ಬಂತು.

ಇದನ್ನು ಮಾದೇಶನಿಗೆ ಹೇಗೆ ಹೇಳುವುದೆಂದು ಎರಡು ತಿಂಗಳು ಚಿಂತಿಸಿದೆ. ಮಾರ್ಚಿನಲ್ಲಿ ಗುಂಡ್ಲುಪೇಟೆಗೆ ಹೋದೆ. ಊಟಿ ರಸ್ತೆಯ ಒಂದು ಲೇತ್ ಅಂಗಡಿಯಲ್ಲಿ ಅವನಿಗೆ ಕೆಲಸ ಸಿಕ್ಕಿತ್ತು. ಸಂಜೆಯಾಗುತ್ತಿತ್ತು, ಲಾರಿ ಡ್ರೈವರೊಬ್ಬ ಅವನ ಬೆನ್ನ ಹಿಂದೆ ನಿಂತಿದ್ದ.

"ಬಿರ್ರನೆ ಮಾಡ್ಕೊಡು ಮಾದೇಸಣ್ಣ. ಬಂಡೀಪುರದ್ ಗೇಟ್ ಹಾಕ್ಬುಟ್ರೆ ಬೆಳ್ಗಾನ ಇಲ್ಲೇ ಬಿದ್ದಿರ್ಬೇಕು."

"ಬಿದ್ದಿರು ಬುಡ್ಲಾ, ಆನೆ ಕಾಟನಾದ್ರೂ ತಪ್ತದೆ," ಎಂದು ಮಾದೇಶ ತಿರುಗಿ ನನ್ನನ್ನು ಕಂಡ. ಸ್ಟೂಲು ಒರೆಸಿ ಕೊಟ್ಟ. ನಾನು ಎಲ್ಲ ಹೇಳಿದೆ, ಬೊಟ್ಟು ಇಟ್ಟದ್ದು ನಾನೇ ಎಂಬುದನ್ನೂ.

"ಈಗ ಸರ್ಯಾಗಿ ತೋರುಸ್ತದಾ ಸಾ?"

"ಎರಡು ಪರ್ಸೆಂಟ್ ಒಳಗೆ."

"ಒಳ್ಳೇದಾಯ್ತು ಬುಡಿ." ಕೈ ಒರೆಸಿಕೊಂಡ. "ಕಾಗ್ದ ಬರುದ್ರಾ?"

"ಜನವರಿಯಲ್ಲೇ ಕಳಿಸಿದೆ. ಸಂದಿನಲ್ಲಿ ಹೊರಗಿನ ವಸ್ತು ಸಿಕ್ಕಿತ್ತು, ತೆಗೆದು ಸರಿಪಡಿಸಿದೆವು ಅಂತ."

"ಮೊದ್ಲುನ್ ಕಾಗ್ದದಲ್ಲಿ ನನ್ ಎಸ್ರಿತ್ತು. ಇದ್ರಲ್ಲಿ ನಿಮ್ ಎಸ್ರು ಅದಾ ಸಾ?"

ಇರಲಿಲ್ಲ. ಅವನು ಟೀ ತರಿಸಿಕೊಟ್ಟು ಲೇತಿಗೆ ಮರಳಿದ.

ಮರುವಾರ ನನ್ನ ಹೆಸರು ಹಾಕಿ ಪತ್ರ ಬರೆದು ಕೊಟ್ಟೆ. ಪ್ರಿನ್ಸಿಪಾಲರು ಓದಿ, "ಈಗ ಇದ್ಯಾಕೆ?" ಎಂದು ಫೈಲಿಗೆ ಸೇರಿಸಿದರು. ತಪ್ಪು ಕಂಡ ದಿನವೇ ಅದನ್ನು ಮಾಡಿದವರ ಹೆಸರು ಬರೆಯಬೇಕು, ಮೊದಲು ತನ್ನದು. ಇಪ್ಪತ್ತೆರಡು ವರ್ಷದ ಕೆಲಸ ನನಗೆ ಕಲಿಸಿದ್ದು ಇಷ್ಟೇ, ಅದೂ ತಡವಾಗಿ. ಮಾದೇಶನ ಜಾಗಕ್ಕೆ ಬೇರೊಬ್ಬರನ್ನು ತೆಗೆದುಕೊಂಡದ್ದು ಫೆಬ್ರವರಿಯಲ್ಲಿ. ನನಗೆ ಕುಂಕುಮ ಸಿಕ್ಕ ದಿನ ಆ ಜಾಗ ಖಾಲಿ ಇತ್ತು.